ಓಡಿಸಿ ಮುಗಿಸಲೆಂದೇ ಒಂದು ಹಳೆಯ ಸಣ್ಣ ಕಾರು: ಯಾವ ದೋಷವನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು

ಬಣ್ಣ ಮಾಸಿದ, ಎರಡು ಲಕ್ಷ ಕಿಲೋಮೀಟರಿಗೂ ಮೀರಿ ಓಡಿದ, ಹದಿನೈದು ಇಪ್ಪತ್ತು ವರ್ಷ ಹಳೆಯದಾದ ಸಣ್ಣ ಕಾರನ್ನು ಕೊಳ್ಳಹೊರಟವರು ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿಯೆಂದರೆ, ತಾವು ಕೊಳ್ಳುತ್ತಿರುವುದು ದೋಷವಿಲ್ಲದ ವಾಹನವನ್ನಲ್ಲ ಎಂಬುದು. ಆ ಬೆಲೆಗೆ ಅಂಥದ್ದು ಸಿಗುವುದಿಲ್ಲ. ಸಿಗುತ್ತದೆಂದು ಮಾರುವವರು ಹೇಳಿದರೆ ನಂಬಬೇಕಾಗಿಯೂ ಇಲ್ಲ. ದೋಷ ಇದ್ದೇ ಇರುತ್ತದೆ ಎಂದಾದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಇದರಲ್ಲಿ ಇರುವುದು ಎಂಥ ದೋಷ? ಬಾಗಿಲಿನ ಮೇಲಿನ ಗೀರು, ಹರಿದ ಸೀಟು, ಕೆಲಸ ಮಾಡದ ರೇಡಿಯೊ, ನಿಧಾನವಾಗಿ ಏರುವ ಕಿಟಕಿಯ ಗಾಜು ಇವುಗಳ ಜೊತೆ ವರ್ಷಗಟ್ಟಲೆ ಬದುಕಬಹುದು. ಬ್ರೇಕ್ ಪ್ಯಾಡು, ಬ್ಯಾಟರಿ, ಟೈರು, ಸಸ್ಪೆನ್ಷನ್ನಿನ ರಬ್ಬರ್ ಬುಶ್ಶುಗಳು ದುಡ್ಡು ಕೇಳುತ್ತವೆ, ಆದರೆ ಖರ್ಚು ಎಷ್ಟೆಂದು ಮುಂಚೆಯೇ ಗೊತ್ತಾಗುತ್ತದೆ. ಕೆಟ್ಟ ಗೇರ್‌ಬಾಕ್ಸು, ಹೋದ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಹಾಕಿದ ಪದರ), ಕೆಳಭಾಗವನ್ನು ತಿಂದುಹಾಕಿದ ತುಕ್ಕು ಇವು ಮಾತ್ರ ಕಾರಿನ ಆಯುಸ್ಸನ್ನೇ ಮುಗಿಸುತ್ತವೆ. ಅಗ್ಗದ ಕಾರನ್ನು ಪರೀಕ್ಷಿಸುವುದೆಂದರೆ ಈ ಕೊನೆಯ ಗುಂಪಿನ ದೋಷ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು. ಮೊದಲ ಗುಂಪಿನವು ಹೆಚ್ಚಿದ್ದಷ್ಟೂ ಒಳ್ಳೆಯದೇ, ಏಕೆಂದರೆ ಬೆಲೆ ಇಳಿಯುವುದು ಅವುಗಳಿಂದಲೇ.

ಕೈಯಲ್ಲಿರುವ ಮೊತ್ತವನ್ನೆಲ್ಲ ಕಾರಿಗೇ ಸುರಿಯಬಾರದು. ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟನ್ನು ತೆಗೆದಿಟ್ಟು, ಉಳಿದದ್ದರಲ್ಲಿ ಬರುವ ಕಾರನ್ನು ಹುಡುಕಬೇಕು. ಕೊಂಡ ಮೊದಲ ಕೆಲವು ತಿಂಗಳಲ್ಲಿ ಎಣ್ಣೆ, ಬೆಲ್ಟು, ಬ್ರೇಕು, ಟೈರು ಎಂದು ಖರ್ಚು ಬರುವುದು ಹೆಚ್ಚುಕಡಿಮೆ ಖಂಡಿತ. ಆ ಹಣವಿಲ್ಲದವರು ಚಿಕ್ಕ ದುರಸ್ತಿಯನ್ನು ಮುಂದೂಡುತ್ತಾರೆ. ಮುಂದೂಡಿದ ಚಿಕ್ಕ ದುರಸ್ತಿಯೇ ದೊಡ್ಡದಾಗಿ ಬರುತ್ತದೆ.

ಮಾದರಿಯ ಆಯ್ಕೆ

ಹಳೆಯ ಕಾರಿನ ವಿಷಯದಲ್ಲಿ ಅಪರೂಪದ ಮಾದರಿ ಎಂಬುದು ಗುಣವಲ್ಲ, ತೊಂದರೆ. ಬೀದಿಯಲ್ಲಿ ಹೇರಳವಾಗಿ ಕಾಣುವ ಮಾದರಿಯ ಬಿಡಿಭಾಗಗಳು ಅಗ್ಗವಾಗಿ ಸಿಗುತ್ತವೆ, ಗುಜರಿಯಲ್ಲೂ ಸಿಗುತ್ತವೆ, ಮತ್ತು ಯಾವ ಮೆಕ್ಯಾನಿಕ್ಕಾದರೂ ಅದನ್ನು ಬಿಚ್ಚಿ ಜೋಡಿಸಬಲ್ಲ. 1966ರಲ್ಲಿ ಆರಂಭವಾದ ಟೊಯೋಟಾ ಕೊರೊಲ್ಲಾ 2021ರ ಹೊತ್ತಿಗೆ 5 ಕೋಟಿಯಷ್ಟು ಮಾರಾಟವಾಗಿತ್ತು. ಅಂಥ ಕಾರಿಗೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸಿಗದ ಊರು ಅಪರೂಪ. ಆದರೆ ಹೆಸರಾಂತ ಮಾದರಿಗಳಲ್ಲೂ ಕೆಟ್ಟ ವರ್ಷಗಳಿರುತ್ತವೆ ಎಂಬುದನ್ನು ಮರೆಯಬಾರದು. 1990ರ ದಶಕದ ಕೊನೆ ಮತ್ತು 2000ರ ದಶಕದ ಆರಂಭದ ಕೊರೊಲ್ಲಾಗಳಲ್ಲಿದ್ದ 1ಜೆಡ್‌ಜೆಡ್-ಎಫ್‌ಇ ಎಂಜಿನ್ನಿನ ಪಿಸ್ಟನ್‌ಗಳಲ್ಲಿ ಎಣ್ಣೆ ಹಿಂತಿರುಗುವ ರಂಧ್ರಗಳು ಚಿಕ್ಕವಾಗಿದ್ದು ಕಟ್ಟಿಕೊಳ್ಳುತ್ತಿದ್ದವು, ಹಾಗಾಗಿ ಎಂಜಿನ್ನು ಎಣ್ಣೆಯನ್ನು ಸುಡುತ್ತಿತ್ತು. 2006ರಿಂದ 2008ರವರೆಗಿನ 1.8 ಲೀಟರಿನ ಹೋಂಡಾ ಸಿವಿಕ್‌ಗಳಲ್ಲಿ ಕೆಲವಕ್ಕೆ ಎಂಜಿನ್ ಬ್ಲಾಕ್ ಬಿರುಕು ಬಿಟ್ಟು ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಸೋರುತ್ತಿತ್ತು. 2010ರ ದಶಕದ ಮೊದಲರ್ಧದ ಫೋರ್ಡ್ ಫಿಯೆಸ್ಟಾ ಮತ್ತು ಫೋಕಸ್‌ಗಳ ಎರಡು ಕ್ಲಚ್ಚುಗಳ (ಡ್ಯುಯಲ್ ಕ್ಲಚ್) ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ನಡುಕ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಹಾಗಾಗಿ ಹೆಸರನ್ನಷ್ಟೇ ನೋಡದೆ ವರ್ಷ, ಎಂಜಿನ್ನು, ಗೇರ್‌ಬಾಕ್ಸು ಮೂರನ್ನೂ ಒಟ್ಟಿಗೆ ಹಿಡಿದು ವಿಚಾರಿಸಬೇಕು.

ಗೇರ್‌ಬಾಕ್ಸಿನ ವಿಷಯದಲ್ಲಿ ನನ್ನ ಒಲವು ಸ್ಪಷ್ಟವಾಗಿ ಮ್ಯಾನುಯಲ್ ಕಡೆಗೆ. ಕ್ಲಚ್ ಸವೆದರೆ ಬದಲಿಸುವ ಖರ್ಚು ಲೆಕ್ಕಕ್ಕೆ ಸಿಗುತ್ತದೆ. ಹಳೆಯ ಕಾಲದ ನಾಲ್ಕು ಗೇರಿನ ಆಟೊಮ್ಯಾಟಿಕ್‌ಗಳು, ಎಣ್ಣೆ ಬದಲಿಸುತ್ತ ಬಂದಿದ್ದರೆ, ಬಾಳಿಕೆ ಬರುತ್ತವೆ. ಸಿವಿಟಿ (ಬಿಡಿಬಿಡಿ ಗೇರುಗಳಿಲ್ಲದೆ ಅನುಪಾತವನ್ನು ಸತತವಾಗಿ ಬದಲಿಸುವ ಆಟೊಮ್ಯಾಟಿಕ್) ಇರುವ ಹೆಚ್ಚು ಓಡಿದ ಕಾರನ್ನು, ಎಣ್ಣೆ ಬದಲಿಸಿದ ದಾಖಲೆ ಕಣ್ಣೆದುರು ಇದ್ದ ಹೊರತು, ಮುಟ್ಟದಿರುವುದೇ ಲೇಸು. ಅದು ಕೈಕೊಟ್ಟರೆ ದುರಸ್ತಿಯ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು.

ಮೀಟರಿಗಿಂತ ದಾಖಲೆ ಮುಖ್ಯ

ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಎರಡೂವರೆ ಲಕ್ಷ ಕಿ.ಮೀ. ಓಡಿದ ಕಾರು, ನಗರದ ಸಿಗ್ನಲ್ಲುಗಳ ನಡುವೆ ದಿನಕ್ಕೆ ಹತ್ತಾರು ಸಲ ಬಿಸಿಯಾಗಿ ತಣ್ಣಗಾಗಿ ಒಂದು ಲಕ್ಷ ಓಡಿದ ಕಾರಿಗಿಂತ ಒಳ್ಳೆಯ ಸ್ಥಿತಿಯಲ್ಲಿರಬಹುದು. ಅದಲ್ಲದೆ ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸುವುದು ಕಷ್ಟವೇನಲ್ಲ. ಸಂಖ್ಯೆ ಎಂಬತ್ತು ಸಾವಿರ ಎನ್ನುತ್ತಿದ್ದು, ಕ್ಲಚ್ ಪೆಡಲಿನ ರಬ್ಬರು ಸವೆದು ಲೋಹ ಕಾಣುತ್ತಿದ್ದರೆ, ಸ್ಟೇರಿಂಗಿನ ಮೇಲ್ಭಾಗ ನುಣುಪಾಗಿ ಹೊಳೆಯುತ್ತಿದ್ದರೆ, ಚಾಲಕನ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ, ನಂಬಬೇಕಾದ್ದು ರಬ್ಬರನ್ನು, ಸಂಖ್ಯೆಯನ್ನಲ್ಲ. ಗ್ಯಾರೇಜಿನ ಬಿಲ್ಲುಗಳನ್ನು ಕೇಳಿ ಪಡೆದು ಅವುಗಳಲ್ಲಿ ಬರೆದಿರುವ ಕಿಲೋಮೀಟರು ಮತ್ತು ದಿನಾಂಕಗಳನ್ನು ಸಾಲಾಗಿ ಹೊಂದಿಸಿ ನೋಡಿದರೆ ಕಾರಿನ ನಿಜವಾದ ಕಥೆ ಅಲ್ಲಿ ಸಿಗುತ್ತದೆ. ಎಣ್ಣೆಯನ್ನು ಕ್ರಮವಾಗಿ ಬದಲಿಸಿದವರು ಉಳಿದದ್ದನ್ನೂ ಸಾಮಾನ್ಯವಾಗಿ ನೋಡಿಕೊಂಡಿರುತ್ತಾರೆ.

ಬಿಲ್ಲುಗಳಲ್ಲಿ ವಿಶೇಷವಾಗಿ ಹುಡುಕಬೇಕಾದ್ದು ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ನುಗಳ ಚಲನೆಗೆ ಹೊಂದುವಂತೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಬೆಲ್ಟ್. ಈ ಕೆಲಸಕ್ಕೆ ಎಂಜಿನ್ನಿಗೆ ಚೈನ್ ಇದೆಯೋ ಬೆಲ್ಟ್ ಇದೆಯೋ ಎಂಬುದನ್ನು ಮೊದಲು ತಿಳಿಯಬೇಕು. ಉದಾಹರಣೆಗೆ 2005ರವರೆಗಿನ ಹೆಚ್ಚಿನ ಸಿವಿಕ್‌ಗಳಿಗೆ ಬೆಲ್ಟ್, ಆನಂತರದ 1.8 ಲೀಟರಿನವಕ್ಕೆ ಚೈನ್. ಬೆಲ್ಟನ್ನು ಬಹಳಷ್ಟು ತಯಾರಕರು 1 ಲಕ್ಷದಿಂದ 1.6 ಲಕ್ಷ ಕಿ.ಮೀ. ನಡುವೆ, ಇಲ್ಲವೇ ಇಂತಿಷ್ಟು ವರ್ಷಕ್ಕೊಮ್ಮೆ, ಬದಲಿಸಲು ಹೇಳುತ್ತಾರೆ. ಅನೇಕ ಎಂಜಿನ್ನುಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ನು ತೆರೆದ ವಾಲ್ವಿಗೆ ಬಡಿದು ವಾಲ್ವು ಬಾಗುತ್ತದೆ, ಅಲ್ಲಿಗೆ ಅಗ್ಗದ ಕಾರಿನ ಕಥೆ ಮುಗಿಯುತ್ತದೆ. ಬದಲಿಸಿದ ಬಿಲ್ಲು ಇಲ್ಲದಿದ್ದರೆ, ಮಾರುವವರು ಬಾಯಿಮಾತಿನಲ್ಲಿ ಏನೇ ಹೇಳಲಿ, ಬೆಲ್ಟ್ ಬದಲಾಗಿಲ್ಲವೆಂದೇ ತಿಳಿದು ಅದರ ಖರ್ಚನ್ನು ಬೆಲೆಯಿಂದ ಕಳೆಯಬೇಕು. ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪ್ ಇದ್ದರೆ ಅದನ್ನೂ ಅದೇ ಕೂಲಿಯಲ್ಲಿ ಹಾಕಿಸಿಕೊಳ್ಳುವುದು ವಾಡಿಕೆ.

ತಣ್ಣಗಿರುವ ಎಂಜಿನ್ನಿನ ಮುಂದೆ

ಕಾರನ್ನು ನೋಡಲು ಹಗಲಿನಲ್ಲಿ, ಮಳೆಯಿಲ್ಲದಾಗ ಹೋಗಬೇಕು. ಒದ್ದೆಯಾದ ಬಣ್ಣ ಎಲ್ಲ ಕಾರನ್ನೂ ಚೆಂದ ಕಾಣಿಸುತ್ತದೆ. ಎಂಜಿನ್ನನ್ನು ಮುಂಚಿತವಾಗಿ ಚಾಲೂ ಮಾಡಬಾರದೆಂದು ಫೋನಿನಲ್ಲೇ ಹೇಳಿಡಬೇಕು. ತಲುಪಿದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಟ್ಟು, ಅದು ಬೆಚ್ಚಗಿದ್ದರೆ ಕಾರಣ ಕೇಳಬೇಕು. ತಣ್ಣಗಿರುವಾಗ ಚಾಲೂ ಆಗಲು ತಡಕಾಡುವ, ಕಟಕಟ ಸದ್ದು ಮಾಡುವ, ಹೊಗೆಯುಗುಳುವ ಎಂಜಿನ್ನು ಬಿಸಿಯಾದ ಮೇಲೆ ಸುಸೂತ್ರವಾಗಿ ನಡೆಯಬಹುದು, ಮತ್ತು ಅದು ಮಾರುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಚಾಲೂ ಮಾಡುವ ಮೊದಲು ಡಿಪ್‌ಸ್ಟಿಕ್ ಎಳೆದು ಎಣ್ಣೆಯ ಮಟ್ಟ ನೋಡಬೇಕು. ಎಣ್ಣೆ ಕಪ್ಪಗಿದ್ದರೆ ಗಾಬರಿ ಬೇಡ. ಮಟ್ಟ ಕನಿಷ್ಠ ಗುರುತಿಗಿಂತ ಕೆಳಗಿದ್ದರೆ ಮಾತ್ರ ಒಡೆಯರು ನೋಡಿಕೊಂಡಿಲ್ಲವೆಂದು ಅರ್ಥ. ಎಣ್ಣೆ ಹಾಕುವ ಮುಚ್ಚಳದ ಒಳಗೆ ಕೆನೆಯಂಥ ತಿಳಿಹಳದಿ ಪದಾರ್ಥ ಕಂಡರೆ ಎಣ್ಣೆಗೆ ನೀರು ಸೇರಿದೆ. ಚಳಿಯಲ್ಲಿ ತೀರ ಸಣ್ಣ ಓಡಾಟಕ್ಕೆ ಬಳಸಿದ ಕಾರಿನಲ್ಲೂ ಇದು ಸ್ವಲ್ಪ ಕಾಣಬಹುದು, ಆದರೆ ಡಿಪ್‌ಸ್ಟಿಕ್ಕಿನಲ್ಲೂ ಅದೇ ಇದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಅನುಮಾನಿಸಿ ಹೊರಟುಬಿಡಬಹುದು. ರೇಡಿಯೇಟರಿನ ಮುಚ್ಚಳವನ್ನು ಎಂಜಿನ್ನು ತಣ್ಣಗಿದ್ದಾಗ ಮಾತ್ರ ತೆಗೆಯಬೇಕು, ಬಿಸಿಯಾಗಿದ್ದಾಗ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಒಳಗೆ ಬಣ್ಣದ ಸ್ವಚ್ಛ ಕೂಲೆಂಟ್ ಇರಬೇಕು. ತುಕ್ಕುಬಣ್ಣದ ಬರೀ ನೀರು ಇದ್ದರೆ ಸೋರಿಕೆಯನ್ನು ನೀರು ತುಂಬಿಸಿ ತುಂಬಿಸಿ ಮುಂದೂಡಿದ್ದಾರೆ ಎಂದು ಊಹಿಸಬಹುದು.

ಈಗ ಕೀಲಿಯನ್ನು ಪೂರ್ತಿ ತಿರುಗಿಸದೆ, ಡ್ಯಾಶ್‌ಬೋರ್ಡಿನ ದೀಪಗಳು ಹೊತ್ತುವ ಹಂತದಲ್ಲಿ ನಿಲ್ಲಿಸಬೇಕು. ಚೆಕ್ ಎಂಜಿನ್, ಏರ್‌ಬ್ಯಾಗ್, ಎಬಿಎಸ್ ದೀಪಗಳು ಇರುವ ಕಾರಿನಲ್ಲಿ ಅವೆಲ್ಲ ಹೊತ್ತಿಕೊಳ್ಳಬೇಕು. ಎಂಜಿನ್ನು ಚಾಲೂ ಆದ ಕೆಲವು ಕ್ಷಣಗಳಲ್ಲಿ ಆರಬೇಕು. ಹೊತ್ತಿದ ದೀಪ ಆರದಿದ್ದರೆ ದೋಷವಿದೆ ಎಂಬುದು ಎಲ್ಲರಿಗೂ ಗೊತ್ತು. ದೀಪ ಹೊತ್ತಲೇ ಇಲ್ಲವೆಂದರೆ ಅದು ಇನ್ನೂ ಕೆಟ್ಟದ್ದು, ಏಕೆಂದರೆ ಯಾರೋ ಬಲ್ಬನ್ನು ಕಿತ್ತಿರಬಹುದು. ಹಾಗೆ ಮಾಡಿದ ಕಾರನ್ನು ಬೆಲೆ ಎಷ್ಟು ಇಳಿದರೂ ಕೊಳ್ಳಬಾರದು. ಬಲ್ಬಿನ ಮಾತು ಹಾಗಿರಲಿ, ಮಾರುವವರ ಇನ್ಯಾವ ಮಾತನ್ನೂ ಆಮೇಲೆ ನಂಬಲಾಗುವುದಿಲ್ಲ.

ಚಾಲೂ ಮಾಡುವಾಗ ಜೊತೆಗೆ ಬಂದವರು ಸೈಲೆನ್ಸರಿನ ಹಿಂದೆ ನಿಂತಿರಲಿ. ತಣ್ಣನೆಯ ಬೆಳಗಿನಲ್ಲಿ ತೆಳ್ಳಗೆ ಬಿಳಿಯ ಹಬೆ ಬಂದು ನಿಂತರೆ ಅದು ನೀರಾವಿ. ಎಂಜಿನ್ನು ಪೂರ್ತಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಕೂಲೆಂಟ್ ಸುಡುತ್ತಿದೆ. ನೀಲಿ ಹೊಗೆ ಎಣ್ಣೆಯದು. ಅದು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಬೇಕು. ಚಾಲೂ ಮಾಡಿದಾಗ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಸೀಲುಗಳು ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ವೇಗ ಏರಿಸುವಾಗ ಎಡೆಬಿಡದೆ ಬಂದರೆ ಪಿಸ್ಟನ್ ರಿಂಗುಗಳು ಸವೆದಿವೆ. ಮೊದಲನೆಯದರ ಜೊತೆ ಹೊಂದಿಕೊಂಡು ಹೋಗಬಹುದು. ಸಾವಿರದೈನೂರು ಕಿ.ಮೀ.ಗೆ ಒಂದು ಲೀಟರಿನಷ್ಟು ಎಣ್ಣೆ ಕುಡಿಯುವ ಕಾರನ್ನೂ, ವಾರಕ್ಕೊಮ್ಮೆ ಮಟ್ಟ ನೋಡಿ ತುಂಬಿಸುವ ಶಿಸ್ತಿರುವವರು, ವರ್ಷಗಟ್ಟಲೆ ಓಡಿಸುತ್ತಾರೆ. ಸುಟ್ಟ ಎಣ್ಣೆ ಕ್ರಮೇಣ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ ಎಂಬುದನ್ನು ಮಾತ್ರ ಲೆಕ್ಕದಲ್ಲಿಡಬೇಕು.

ತುಕ್ಕು ಮತ್ತು ನೀರು

ಎಂಜಿನ್ನನ್ನು ಬದಲಿಸಬಹುದು, ಕೆಳಚೌಕಟ್ಟನ್ನು ಬದಲಿಸಲಾಗದು. ಸಮುದ್ರದ ಹತ್ತಿರ ಅಥವಾ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಕಡೆ ಓಡಿದ ಕಾರುಗಳಲ್ಲಿ ಕೆಳಚೌಕಟ್ಟಿನ ತುಕ್ಕನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಬಾಗಿಲಿನ ಅಂಚಿನ ತುಕ್ಕು ಬರೀ ನೋಟದ ಮಾತು. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಾಕಾರದ ಭಾಗ, ಜಾಕ್ ಕೊಡುವ ಜಾಗ, ಬಾನೆಟ್ಟಿನೊಳಗೆ ಮುಂದಿನ ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಜಾಗ, ಹಿಂದಿನ ಸಸ್ಪೆನ್ಷನ್ ಬಿಗಿದಿರುವ ಜಾಗ, ಲೋಹದ ಬ್ರೇಕ್ ಕೊಳವೆಗಳು ಇವು ತುಕ್ಕು ಹಿಡಿದಿದ್ದರೆ ಜೀವಕ್ಕೆ ಅಪಾಯ. ಮಾರುವವರ ಒಪ್ಪಿಗೆ ಪಡೆದು ಸ್ಕ್ರೂಡ್ರೈವರಿನ ತುದಿಯಿಂದ ಅಲ್ಲಲ್ಲಿ ಒತ್ತಿ ನೋಡಬೇಕು. ಮೇಲ್ಪದರದ ತುಕ್ಕು ಪುಡಿಯಾಗಿ ಉದುರಿ ಒಳಗೆ ಗಟ್ಟಿ ಲೋಹ ತಾಕಿದರೆ ಸರಿ. ತುದಿ ಕರಕರನೆ ಒಳಗಿಳಿದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು. ಹೊಸದಾಗಿ ದಪ್ಪಗೆ ಕಪ್ಪು ಬಣ್ಣ ಬಳಿದ ತಳಭಾಗವನ್ನು ಇನ್ನೂ ಹೆಚ್ಚು ಅನುಮಾನದಿಂದ ನೋಡಬೇಕು. ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರೆ, ಉಕ್ಕಿನ ಬಾಡಿಯ ಮೇಲೆ ಅದು ಹಿಡಿಯದ ಜಾಗದಲ್ಲಿ ಪುಟ್ಟಿ ತುಂಬಿರುವುದು ತಿಳಿಯುತ್ತದೆ.

ನೆರೆಯಲ್ಲಿ ಮುಳುಗಿದ ಕಾರನ್ನು ತೊಳೆದು ಸುಗಂಧ ಹಾಕಿ ಮಾರುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ, ಯಾವಾಗಲೂ ಸುತ್ತಿಕೊಂಡೇ ಇರುವ ಭಾಗದಲ್ಲಿ ಕೆಸರಿನ ಗೆರೆ ಸಿಕ್ಕಿಬೀಳುತ್ತದೆ. ಸೀಟಿನ ಕೆಳಗಿನ ಹಳಿಗಳ ಮೇಲಿನ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಳಿಯಲ್ಲಿನ ಮಣ್ಣು ಕೂಡ ಅದನ್ನೇ ಹೇಳುತ್ತವೆ.

ಓಡಿಸಿ ನೋಡುವುದು

ಬೀದಿಯ ಕೊನೆಯವರೆಗೆ ಹೋಗಿ ಬಂದರೆ ಏನೂ ತಿಳಿಯುವುದಿಲ್ಲ. ಅರ್ಧ ಗಂಟೆಯಾದರೂ, ಏರು, ಹಳ್ಳದಿಣ್ಣೆ ಮತ್ತು ವೇಗದ ರಸ್ತೆ ಮೂರೂ ಸಿಗುವಂತೆ, ರೇಡಿಯೊ ಆರಿಸಿ, ಕಿಟಕಿ ತೆರೆದು ಓಡಿಸಬೇಕು. ಎತ್ತರದ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿರುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಆಟೊಮ್ಯಾಟಿಕ್ ಆದರೆ ಗೇರು ಹಾಕಿದ ಮೇಲೆ ಹಿಡಿಯಲು ತಡವಾಗುವುದು, ಏರುವಾಗ ಜಾರುವುದು, ಧಡಕ್ಕನೆ ಬದಲಾಗುವುದು ಇವು ಬಿಟ್ಟುಬಿಡಲು ಸಾಕಾದ ಕಾರಣಗಳು. ಖಾಲಿ ಜಾಗದಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ವೃತ್ತಾಕಾರವಾಗಿ ಓಡಿಸಿದಾಗ ಟಕಟಕ ಸದ್ದು ಬಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್ ಸವೆದಿದೆ, ಇದು ದುರಸ್ತಿಯಾಗುವಂಥದ್ದು. ವೇಗದೊಂದಿಗೆ ಏರುವ ಗುಂಯ್ ಸದ್ದು ತಿರುವಿನಲ್ಲಿ ಹೆಚ್ಚುಕಡಿಮೆಯಾದರೆ ಚಕ್ರದ ಬೇರಿಂಗ್. ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್. ಇವೆಲ್ಲ ಬೆಲೆ ಇಳಿಸಲು ನಿಮ್ಮ ಕೈಗೆ ಸಿಕ್ಕ ಮಾತುಗಳು.

ತಾಪಮಾನದ ಮುಳ್ಳಿನ ಮೇಲೆ ಕಣ್ಣಿಟ್ಟಿರಬೇಕು. ಅದು ಮಧ್ಯಕ್ಕೆ ಬಂದು ಅಲ್ಲೇ ನಿಲ್ಲಬೇಕು. ಓಡಿಸಿ ಬಂದ ಮೇಲೆ ಎಂಜಿನ್ನನ್ನು ಹತ್ತು ನಿಮಿಷ ಹಾಗೆಯೇ ನಡೆಯಬಿಟ್ಟು ರೇಡಿಯೇಟರಿನ ಫ್ಯಾನು ತಾನಾಗಿ ತಿರುಗುತ್ತದೆಯೇ, ಪಾರದರ್ಶಕ ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತವೆಯೇ ಎಂದು ನೋಡಬೇಕು. ಗುಳ್ಳೆಗಳು ನಿಲ್ಲದಿದ್ದರೆ, ಕೂಲೆಂಟಿನ ಮೇಲಿನ ಗಾಳಿಯಲ್ಲಿ ಸುಟ್ಟ ಅನಿಲವಿದೆಯೇ ಎಂದು ನೀಲಿ ದ್ರವದಿಂದ ಪರೀಕ್ಷಿಸುವ ಸರಳ ಉಪಕರಣ ಗ್ಯಾರೇಜುಗಳಲ್ಲಿ ಇರುತ್ತದೆ. ದ್ರವ ಹಳದಿಗೆ ತಿರುಗಿದರೆ ಸಿಲಿಂಡರಿನ ಅನಿಲ ಕೂಲೆಂಟಿಗೆ ನುಗ್ಗುತ್ತಿದೆ.

ಕಾರಿನ ಕಂಪ್ಯೂಟರಿಗೆ ಜೋಡಿಸಿ ಅದರಲ್ಲಿ ದಾಖಲಾದ ದೋಷದ ಕೋಡುಗಳನ್ನು ಓದುವ ಒಂದು ಅಗ್ಗದ ಒಬಿಡಿ ಸ್ಕ್ಯಾನರು ಈ ವ್ಯವಹಾರದಲ್ಲಿ ತನ್ನ ಬೆಲೆಯನ್ನು ಒಂದೇ ಸಲಕ್ಕೆ ತೀರಿಸುತ್ತದೆ. ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಈ ಸಂಪರ್ಕ ಕಡ್ಡಾಯವಾಗಿದ್ದು, ಉಳಿದೆಡೆಯ ಕಾರುಗಳಲ್ಲೂ ಕ್ರಮೇಣ ಬಂತು. ದೋಷದ ಕೋಡ್ ಇದೆಯೇ ಎಂದು ನೋಡುವುದಷ್ಟೇ ಸಾಲದು, ಏಕೆಂದರೆ ಕೋಡನ್ನು ಅಳಿಸುವುದು ಅರ್ಧ ನಿಮಿಷದ ಕೆಲಸ. ಅಳಿಸಿದಾಗ ಕಾರಿನ ಕಂಪ್ಯೂಟರು ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಮೊದಲಾದವುಗಳ ಸ್ವಪರೀಕ್ಷೆಯನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಸ್ಕ್ಯಾನರಿನ ಸಿದ್ಧತೆಯ ಪಟ್ಟಿಯಲ್ಲಿ ಹೆಚ್ಚಿನ ಪರೀಕ್ಷೆಗಳು ಅಪೂರ್ಣ ಎಂದಿದ್ದರೆ, ಈಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ ಎಂದರ್ಥ. ಬ್ಯಾಟರಿ ಹೊಸದಾಗಿ ಹಾಕಿಸಿದೆವು ಎಂಬ ಉತ್ತರ ಬಂದರೆ ಬಾನೆಟ್ಟು ತೆರೆದು ಬ್ಯಾಟರಿಯ ಮೇಲಿನ ತಾರೀಖು ನೋಡಬಹುದಲ್ಲ. ಕೋಡ್ ಇದ್ದರೂ ಎಲ್ಲವೂ ಮಾರಕವಲ್ಲ: ಪಿ0420 ಕ್ಯಾಟಲಿಟಿಕ್ ಕನ್ವರ್ಟರು ಸೊರಗಿದ್ದನ್ನು ಸೂಚಿಸುತ್ತದೆ, ಹೊಗೆ ಪರೀಕ್ಷೆ ಕಟ್ಟುನಿಟ್ಟಾಗಿರುವ ಕಡೆ ಅದು ದುಬಾರಿ ದೋಷ. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಮಾತ್ರ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ, ಓಡಿಸುವುದನ್ನು ನಿಲ್ಲಿಸಬೇಕು.

ಕೊಳ್ಳುವ ಮನಸ್ಸಾಗಿದ್ದರೆ, ದುಡ್ಡು ಕೊಡುವ ಮುನ್ನ ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕಿನ ಬಳಿ ಕಾರನ್ನು ಲಿಫ್ಟಿಗೇರಿಸಿ ನೋಡಿಸಬೇಕು. ಅದಕ್ಕೆ ಒಪ್ಪದವರ ಕಾರು ಬೇಡ. ಹದಿನೇಳು ಅಕ್ಷರಗಳ ಚಾಸಿ ಸಂಖ್ಯೆಯನ್ನು ಕಾರಿನ ಮೇಲಿರುವ ಎಲ್ಲ ಕಡೆಯೂ, ನೋಂದಣಿ ಪತ್ರದಲ್ಲೂ ಹೋಲಿಸಿ, ಬಾಕಿ ಸಾಲವಿಲ್ಲವೆಂದು ಖಚಿತಪಡಿಸಿಕೊಂಡು, ಅದೇ ಸಂಖ್ಯೆಯಿಂದ ತಯಾರಕರ ಮರುಕರೆಯ (ದೋಷವಿರುವ ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸುವ) ಪಟ್ಟಿಯನ್ನೂ ನೋಡಬೇಕು. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳನ್ನು ಉಬ್ಬಿಸುವ ಅಮೋನಿಯಂ ನೈಟ್ರೇಟ್ ಶಾಖ ಮತ್ತು ತೇವದಲ್ಲಿ ಕಾಲಕ್ರಮೇಣ ಕೆಟ್ಟು, ಅಪಘಾತದಲ್ಲಿ ಲೋಹದ ಚೂರುಗಳನ್ನು ಸಿಡಿಸುತ್ತಿತ್ತು. ಜಗತ್ತಿನ ಅತಿ ದೊಡ್ಡ ವಾಹನ ಮರುಕರೆಗೆ ಕಾರಣವಾದ ಈ ದೋಷದ ಅನೇಕ ಕಾರುಗಳು ಇದೇ ವಯಸ್ಸಿನವು, ಹಳೆಯದಾದಷ್ಟೂ ಅಪಾಯ ಹೆಚ್ಚುವಂಥವು, ಮತ್ತು ದುರಸ್ತಿ ಉಚಿತ.

ಕೊಂಡ ಮೊದಲ ವಾರ, ನಂತರದ ಲೆಕ್ಕ

ಎಂಜಿನ್ ಎಣ್ಣೆ, ಫಿಲ್ಟರುಗಳು, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿ ದಿನಾಂಕ ಮತ್ತು ಕಿಲೋಮೀಟರನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಟೈರಿನ ಪಕ್ಕದಲ್ಲಿ ಡಾಟ್ (DOT) ಗುರುತಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. 2319 ಎಂದರೆ 2019ರ 23ನೆಯ ವಾರ. ಹಲವು ದೇಶಗಳಲ್ಲಿ ಕಾನೂನು ಟೈರಿನ ತೋಡಿನ (ಟ್ರೆಡ್) ಆಳ 1.6 ಮಿ.ಮೀ. ಉಳಿದಿದ್ದರೂ ಒಪ್ಪುತ್ತದಾದರೂ, ಹತ್ತು ವರ್ಷ ಮೀರಿದ ಟೈರಿನಲ್ಲಿ ಆಳ ಎಷ್ಟೇ ಇರಲಿ, ಅದನ್ನು ತೆಗೆಸಬೇಕು. ಬ್ರೇಕು, ಟೈರು, ಸ್ಟೇರಿಂಗು, ದೀಪಗಳಲ್ಲಿ ಉಳಿತಾಯ ಮಾಡಬಾರದು; ಉಳಿದೆಲ್ಲದರಲ್ಲೂ ಧಾರಾಳವಾಗಿ ಮಾಡಬಹುದು. ಆಲ್ಟರ್ನೇಟರ್, ಸ್ಟಾರ್ಟರ್‌ಗಳಿಗೆ ಗುಜರಿಯ ಭಾಗವೇ ಸಾಕು, ಗೀರುಗಳಿಗೆ ಬಣ್ಣ ಬೇಡ. ಸ್ವಂತ ಕಾರಿನ ಹಾನಿಗೂ ಪರಿಹಾರ ಕೊಡುವ ದೊಡ್ಡ ವಿಮೆಯ ಕಂತು ಕೆಲವೇ ವರ್ಷಗಳಲ್ಲಿ ಕಾರಿನ ಬೆಲೆಗೆ ಸಮನಾಗುವುದಾದರೆ, ಇತರರಿಗೆ ಆಗುವ ಹಾನಿಗೆ ಕಾನೂನು ಕೇಳುವ ವಿಮೆಯಷ್ಟನ್ನೇ ಇಟ್ಟುಕೊಳ್ಳುವುದು ಜಾಣತನ.

ಒಂದು ದಿನ ದೊಡ್ಡ ದುರಸ್ತಿಯ ಅಂದಾಜು ಬರುತ್ತದೆ. ಆಗ ಈವರೆಗೆ ಹಾಕಿದ ದುಡ್ಡನ್ನು ಲೆಕ್ಕಕ್ಕೆ ತರಬಾರದು, ಅದು ಹೋಗಿದೆ. ಅದೇ ಮೊತ್ತಕ್ಕೆ ಓಡುವ ಸ್ಥಿತಿಯ ಇಂಥದ್ದೇ ಕಾರು ಸಿಗುತ್ತದೆಯೇ, ದುರಸ್ತಿ ಮಾಡಿಸಿದರೆ ಇದು ಇನ್ನೊಂದು ವರ್ಷವಾದರೂ ಬರುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನಷ್ಟೇ ಕೇಳಿಕೊಳ್ಳಬೇಕು. ದೇಹ ಗಟ್ಟಿಯಾಗಿದ್ದು ಗುಜರಿಯಿಂದ ಎಂಜಿನ್ನು ಅಗ್ಗಕ್ಕೆ ಸಿಗುವುದಾದರೆ ಮಾಡಿಸಬಹುದು. ಕೆಳಭಾಗಕ್ಕೆ ತುಕ್ಕು ಇಳಿದಿದ್ದರೆ ಬೇಡ. ಗುಜರಿಗೆ ಕೊಡುವುದೇ ಸರಿ ಎಂದಾದರೆ, ಈಚೆಗೆ ಹಾಕಿಸಿದ ಬ್ಯಾಟರಿ ಮತ್ತು ಟೈರುಗಳನ್ನು ಕಳಚಿ ಬೇರೆಯಾಗಿ ಮಾರಿ, ಕಾರನ್ನು ಒಪ್ಪಿಸಿದ ರಸೀದಿಯ ಜೊತೆಗೆ ನೋಂದಣಿ ರದ್ದಾದ ಪತ್ರವನ್ನೂ ಪಡೆದುಕೊಳ್ಳಬೇಕು. ಅದಿಲ್ಲದಿದ್ದರೆ ಆ ಕಾರಿನ ಹೆಸರಿನಲ್ಲಿ ಮುಂದೆ ಬರುವ ದಂಡ ಮತ್ತು ತೆರಿಗೆಯ ನೋಟಿಸುಗಳು ನಿಮ್ಮ ವಿಳಾಸಕ್ಕೇ ಬರುತ್ತಿರುತ್ತವೆ.